ಸಂಸ್ಥೆಯವರನ್ನು ಕಂಡರಾಗದ ಗಣಪಿ

ಹೊನ್ನಾವರದ ಹತ್ತಿರದ ಕಾಸರಕೋಡಿನ ಗಣಪಿಗೆ ಸೇವಾ ಸಂಸ್ಥೆಯವರನ್ನು ಕಂಡರೆ ಆಗುವುದಿಲ್ಲ. ಬಂದರಿನಲ್ಲಿ ಇದು ಎಲ್ಲರಿಗೂ ಗೊತ್ತು. ಜೀಪಿನಿಂದ ಇಳಿದು, ಚಪ್ಪಲಿಯೊಳಗೆ ಮರಳು ಹೊಕ್ಕಿತೆಂದು ಒಂಟಿಕಾಲಲ್ಲಿ ಕುಣಿಯುತ್ತ, ಒಣಮೀನಿನ ವಾಸನೆಗೆ ಮೂಗಿನ ಮೇಲೆ ಕರವಸ್ತ್ರ ಒತ್ತಿಕೊಂಡು, ಆ ಕರವಸ್ತ್ರದ ಒಳಗಿನಿಂದಲೇ ‘ನಿಮ್ಮ ಸಮಸ್ಯೆ ಏನಮ್ಮ’ ಎಂದು ಕೇಳುವವರನ್ನು ಅವಳು ಬೇಕಾದಷ್ಟು ನೋಡಿದ್ದಾಳೆ. ಅಂಥವರು ಹತ್ತಿರ ಬಂದರೆ ಬಲೆಯ ಮೇಲೆ ಹರವಿದ ತಾರ್ಲೆ ಮೀನನ್ನು ಇನ್ನಷ್ಟು ಜೋರಾಗಿ ಕೊಡವುತ್ತಾಳೆ. ಉಪ್ಪು, ಪೊರೆ, ಮರಳು ಎಲ್ಲ ಹಾರಿ ಅವರ ಇಸ್ತ್ರಿ ಬಟ್ಟೆಯ ಮೇಲೆ ಬೀಳುತ್ತದೆ. ಹಾಗಿದ್ದರೂ ಈಗ ಅವಳು ದುಡಿಯುತ್ತಿರುವುದು ಅಂಥದೇ ಒಂದು ಸಂಸ್ಥೆಯಲ್ಲಿ. ಅದರ ಗುರುತಿನ ಚೀಟಿ ಅವಳ ಚೀಲದಲ್ಲಿದೆ, ಕೊರಳಿಗೆ ಮಾತ್ರ ಇದುವರೆಗೆ ಹಾಕಿಕೊಂಡಿಲ್ಲ.

ಗಣಪಿ ಹುಟ್ಟಿ ಬೆಳೆದದ್ದೂ ಇದೇ ಮರಳಿನಲ್ಲಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಳು. ಆಗಿನ ಅಕ್ಕೋರು ಬಂದರಿನ ಮಕ್ಕಳನ್ನು ಬಾಗಿಲ ಹತ್ತಿರ, ಗಾಳಿಯಾಡುವಲ್ಲಿ, ಒಂದೇ ಸಾಲಾಗಿ ಕೂರಿಸುತ್ತಿದ್ದರು. ಯಾಕೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ದೊಡ್ಡವಳಾದ ಮೇಲೆ ಬೋಟಿನಲ್ಲಿ ದುಡಿಯುವ ಮಾಸ್ತಿಯನ್ನು ಮದುವೆಯಾಗಿ, ಅತ್ತೆಯ ಜೊತೆ ಮೀನು ಒಣಗಿಸುವ ಕೆಲಸಕ್ಕೆ ನಿಂತಳು. ನಾಲಿಗೆ ಹರಿತ ಎಂಬ ಹೆಸರು ಆಗಲೇ ಬಂದಿತ್ತು. ಮೀನಿನ ತೂಕದಲ್ಲಿ ಕೈಚಳಕ ತೋರಿಸುವ ವ್ಯಾಪಾರಿಗಳು ಅವಳ ಸರದಿ ಬಂದಾಗ ಮರ್ಯಾದೆಯಿಂದ ತಕ್ಕಡಿ ಹಿಡಿಯುತ್ತಿದ್ದರು.

ಮಗಳು ಪ್ರಿಯಾ ಹುಟ್ಟಿ ನಡೆಯಲು ಕಲಿತರೂ ಮಾತು ಬರಲಿಲ್ಲ. ಅತ್ತೆ, ‘ಕೆಲವು ಮಕ್ಕಳಿಗೆ ತಡ’ ಎಂದಳು. ಒಂದು ದಿನ ಪ್ರಿಯಾ ಜಗಲಿಯಲ್ಲಿ ಕಪ್ಪೆಚಿಪ್ಪು ಜೋಡಿಸುತ್ತ ಕೂತಿದ್ದಾಗ ಅವಳ ಬೆನ್ನ ಹಿಂದೆಯೇ ಹಿತ್ತಾಳೆಯ ಕೊಡ ಗಣಪಿಯ ಕೈಜಾರಿ ಕಲ್ಲಿನ ಮೇಲೆ ಬಿತ್ತು. ಆಚೆ ಮನೆಯ ನಾಯಿ ಎದ್ದು ಓಡಿತು. ಮಗು ತಿರುಗಿ ನೋಡಲಿಲ್ಲ. ಗಣಪಿ ಕೊಡವನ್ನೆತ್ತಿ ಬೇಕೆಂದೇ ಇನ್ನೊಮ್ಮೆ ಕಲ್ಲಿಗೆ ಬಡಿದಳು. ಅವತ್ತಿನಿಂದ ಅವಳು ಯಾರ ಸಮಾಧಾನವನ್ನೂ ಕೇಳಿಸಿಕೊಳ್ಳಲಿಲ್ಲ.

ಶಾಲೆಗೆ ಹಾಕುವ ವಯಸ್ಸಾಯಿತು. ಹೆಡ್‌ಮಾಸ್ತರರು ಶಾಂತಾರಾಮ ಎಂಬವರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಪ್ರತಿ ಮಾತಿಗೂ ‘ಸರ್ಕಾರದ ಸುತ್ತೋಲೆ ಪ್ರಕಾರ’ ಎನ್ನುವ ಅಭ್ಯಾಸ. ಸುತ್ತೋಲೆ ಪ್ರಕಾರ ಯಾವ ಮಗುವನ್ನೂ ಹೊರಗಿಡುವಂತಿಲ್ಲವಾದ್ದರಿಂದ ಅವರು ಪ್ರಿಯಾಳ ಹೆಸರು ಹಚ್ಚಿಕೊಂಡರು. ಮಗುವನ್ನು ಏನು ಮಾಡಬೇಕೆಂಬುದು ಅವರು ಓದಿದ ಸುತ್ತೋಲೆಯಲ್ಲಿ ಇರಲಿಲ್ಲವೋ ಏನೋ. ಮಳೆಗಾಲ ಕಳೆದ ಮೇಲೊಂದು ದಿನ ಗಣಪಿ ಶಾಲೆಯ ಬದಿಯಿಂದ ಹೋಗುತ್ತಿದ್ದಾಗ ಒಳಗೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸಿತು. ಇಣುಕಿ ನೋಡಿದರೆ ಪ್ರಿಯಾ ತರಗತಿಯಲ್ಲಿಲ್ಲ. ಹಿಂದುಗಡೆ, ಬಿಸಿಯೂಟದ ಅಡುಗೆಕೋಣೆಯ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಾಳೆ.

ಗಣಪಿ ನೇರ ಆಫೀಸಿನೊಳಗೆ ಹೋದಳು. “ಮಾಸ್ತರೆ, ಅಕ್ಕಿ ಆರಿಸೂದು ನಾ ಮನೆಯಲ್ಲೇ ಕಲಿಸ್ತಿದ್ದೆ. ಶಾಲೆಗೆ ಕಳಿಸಿದ್ದು ಎಂತಕ್ಕೆ?”

ಶಾಂತಾರಾಮ ಮಾಸ್ತರರಿಗೆ ಸಿಟ್ಟೇನೂ ಬರಲಿಲ್ಲ. “ಒಳಗೆ ಕೂತ್ರೆ ಅದಕ್ಕೆ ಬೇಜಾರು ಬರ್ತದೆ ಗಣಪಿ. ಎಂತದೂ ತಿಳಿಯೂದಿಲ್ಲ ಅಲ್ದಾ? ಕೈಗೊಂದು ಕೆಲಸ ಇರ್ಲಿ ಅಂತ ನಾನೇ ಹೇಳ್ದೆ. ಪಾಪ.”

ಆ ‘ಪಾಪ’ ಎಂಬ ಶಬ್ದ ಗಣಪಿಗೆ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಂತಾಯಿತು. ಬೈದರೆ ತಿರುಗಿ ಬೈಯಬಹುದು. ಪಾಪ ಎಂದವರಿಗೆ ಏನು ಮಾಡುವುದು? ಮೊರವನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಮಗಳ ಕೈಹಿಡಿದು ಮನೆಗೆ ಬಂದಳು. ಶಾಲೆಯ ಹಾಜರಿಯಲ್ಲಿ ಮಾತ್ರ ಪ್ರಿಯಾ ದಿನಾಲೂ ಹಾಜರಿದ್ದಳು. ಮಾಸ್ತರರು ಅಷ್ಟರ ಮಟ್ಟಿಗೆ ದಯಾಳು.

ಇದಾದ ಮೇಲೆ ಬಂದದ್ದು ಮೊದಲನೆಯ ಸಂಸ್ಥೆ. ದೊಡ್ಡ ಊರಿನದು. ಹೊನ್ನಾವರದ ಒಂದು ಸಭಾಭವನದಲ್ಲಿ ಶಿಬಿರ ಮಾಡಿ, ಕಿವಿ ಕೇಳದ ಮಕ್ಕಳನ್ನೆಲ್ಲ ವೇದಿಕೆಗೆ ಕರೆದು, ಕೊರಳಿಗೆ ಹಾರ ಹಾಕಿ, ಕಿವಿಗೆ ಮಶೀನು ಸಿಕ್ಕಿಸಿದರು. ಸಿಕ್ಕಿಸಿದ ಕೂಡಲೇ ಅದು ಕುಂಯ್ ಎಂದು ಕಿರುಚಿತು. ಪ್ರಿಯಾ ಬೆಚ್ಚಿಬಿದ್ದು ಅದನ್ನು ಕಿತ್ತುಕೊಳ್ಳುತ್ತ ಅಳತೊಡಗಿದಳು. ‘ರೂಢಿಯಾಗ್ತದೆ, ರೂಢಿಯಾಗ್ತದೆ’ ಎನ್ನುತ್ತ ಒಬ್ಬ ಅವಳ ಕೈ ಹಿಡಿದುಕೊಂಡ, ಇನ್ನೊಬ್ಬ ಫೋಟೊ ತೆಗೆದ. ಮಶೀನಿನ ಬ್ಯಾಟರಿ ಶೆಲ್ಲು ಮುಗಿದ ಮೇಲೆ ಗಣಪಿ ಅವರು ಕೊಟ್ಟ ವಿಳಾಸ ಹುಡುಕಿಕೊಂಡು ಹೋದಳು. ಅಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇತ್ತು. ಮುಂದಿನ ಹೊಸ ವರ್ಷಕ್ಕೆ ಆ ಸಂಸ್ಥೆಯ ಕ್ಯಾಲೆಂಡರ್ ಬಂದರಿನ ಐಸ್ ಕಾರ್ಖಾನೆಯ ಗೋಡೆಗೂ ಬಂತು. ಅದರಲ್ಲಿ ಅಳುತ್ತಿರುವ ಪ್ರಿಯಾಳ ಮುಖ, ಕೆಳಗೆ ಬರಹ: ‘ಮೊದಲ ಸಲ ಶಬ್ದ ಕೇಳಿದಾಗಿನ ಆನಂದಬಾಷ್ಪ.’

ಗಣಪಿ ಆ ಕ್ಯಾಲೆಂಡರನ್ನು ಕೇಳಿ ಇಸಿದುಕೊಂಡಳು. ಮಗಳ ಮುಖವಿದ್ದ ಹಾಳೆಯನ್ನು ಒಲೆಗೆ ಹಾಕಿ, ಉಳಿದ ಹಾಳೆಗಳಲ್ಲಿ ಗಿರಾಕಿಗಳಿಗೆ ಒಣ ಶೆಟ್ಲಿ ಸಿಗಡಿ ಕಟ್ಟಿಕೊಟ್ಟಳು.

ಹೀಗಿರುವಾಗ ಎರಡನೆಯ ಸಂಸ್ಥೆ ಬಂದರೆ ಅವಳು ಮಣೆ ಹಾಕಿ ಕೂರಿಸುತ್ತಾಳೆಯೆ? ಇವರು ಕುಮಟೆಯವರು. ಬಂದವರು ಇಬ್ಬರು ಹೆಂಗಸರು, ಬಸ್ಸಿಳಿದು ನಡೆದುಕೊಂಡು ಬಂದಿದ್ದರು. ಕಲ್ಪನಾ ಎಂಬವಳು ಮಾತಾಡಿದಳು. ಸುಚಿತಾ ಎಂಬ ಇನ್ನೊಬ್ಬಳು, ಹಳದೀಪುರದ ಕಡೆಯ ಹುಡುಗಿ, ಬಾಯಿ ತೆರೆಯಲಿಲ್ಲ.

“ಮಶೀನು ಹಂಚೂಕೆ ಬಂದ್ರಾ?” ಎಂದಳು ಗಣಪಿ, ತಲೆ ಎತ್ತದೆ.

“ಇಲ್ಲ ಅಕ್ಕ. ಎಂತದೂ ತಂದಿಲ್ಲ.”

“ಹಾಗಾರೆ ಫೋಟೊ ತೆಗೂಕೆ.”

“ಅದೂ ಅಲ್ಲ. ನಿಮ್ಮ ಮಗಳನ್ನ ನೋಡೂಕೆ ಬಂದದ್ದು.”

“ನೋಡೂಕೆ ಅದೆಂತ ಪ್ರದರ್ಶನಕ್ಕೆ ಇಟ್ಟದ್ದಾ?” ಎಂದು ಗಣಪಿ ಶುರುಮಾಡಿದಳು. ಮೊದಲನೆಯ ಸಂಸ್ಥೆ, ಕ್ಯಾಲೆಂಡರು, ಮಾಸ್ತರರು, ಮೂಗಿನ ಮೇಲಿನ ಕರವಸ್ತ್ರ, ಎಲ್ಲವೂ ಬಂತು. ಕಲ್ಪನಾ ಮುಖ ಸಣ್ಣದು ಮಾಡಿಕೊಂಡು ಕೇಳುತ್ತ, ಗಣಪಿಯ ಬೆನ್ನ ಹಿಂದೆ ನೋಡಿ ಬೆರಳುಗಳನ್ನು ಆಡಿಸುತ್ತಿದ್ದಳು. ಗಣಪಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹಿಂದಿನಿಂದ ಒಂದು ನಗು ಕೇಳಿತು. ಪ್ರಿಯಾಳ ನಗು. ಅವಳು ಕಾಗೆ ಓಡಿಸಲೆಂದು ಮೀನಿನ ಹತ್ತಿರ ಕೂತಿದ್ದಳು, ಎದುರಿಗೆ ಮರಳಿನ ಮೇಲೆ ಸುಚಿತಾ. ಸುಚಿತಾ ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದು ಕೈಯ ಬೆರಳುಗಳನ್ನು ಬಾಯಿಯ ಮುಂದೆ ಪಟಪಟ ಬಡಿಯುತ್ತ, ಹುಬ್ಬು ಗಂಟಿಕ್ಕಿ ಗಣಪಿಯನ್ನೇ ಅಣಕಿಸುತ್ತಿದ್ದಳು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ಅವಳೂ ಸೊಂಟಕ್ಕೆ ಕೈಕೊಟ್ಟು ಅದೇ ರೀತಿ ಬೆರಳು ಬಡಿದಳು.

ಗಣಪಿಯ ಮೈ ಉರಿಯಿತು. “ಯಾರದು? ಅದಕ್ಕೆ ಮಾತು ಬರೂದಿಲ್ವಾ?”

“ಅವಳಿಗೂ ಕಿವಿ ಕೇಳೂದಿಲ್ಲ ಅಕ್ಕ. ಘಟ್ಟದ ಮೇಲೆ ಕಿವುಡರ ಶಾಲೆಯಲ್ಲಿ ಕಲ್ತು, ಈಗ ನಮ್ಮಲ್ಲಿ ಟೀಚರು.”

ಗಣಪಿ ಕಿವಿ ಕೇಳದ ದೊಡ್ಡವರನ್ನು ಕಂಡಿರಲಿಲ್ಲವೆಂದಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರನ್ನು ಕಂಡಿದ್ದಳು. ಆದರೆ ಕೈಗಡಿಯಾರ ಕಟ್ಟಿ, ಚೀಲ ತೂಗುಹಾಕಿ, ಬಸ್ಸಿನಲ್ಲಿ ಊರೂರು ತಿರುಗಿ, ಗುರುತಿಲ್ಲದ ಹೆಂಗಸಿನ ಅಂಗಳದಲ್ಲಿ ಕೂತು ಅವಳನ್ನೇ ಅಣಕಿಸುವವಳನ್ನು ಕಂಡಿರಲಿಲ್ಲ. ಸುಚಿತಾ ಈಗ ಎದ್ದು ನಿಂತು ಗಣಪಿಯ ಕಡೆ ತಿರುಗಿ ಕೈಬೆರಳುಗಳಲ್ಲಿ ಏನೋ ಹೇಳಿದಳು. ಕಲ್ಪನಾ ಅದನ್ನು ಕಂಡೂ ಕಾಣದವಳಂತೆ ಸುಮ್ಮನಾದಳು.

“ಎಂತ ಹೇಳ್ತು ಅದು? ಇದ್ದದ್ದು ಇದ್ದಂಗೆ ಹೇಳು ತಂಗಿ.”

“ಎಂತದೂ ಇಲ್ಲ ಅಕ್ಕ...”

“ಹೇಳು ಅಂದೆ.”

ಕಲ್ಪನಾ ನೆಲ ನೋಡುತ್ತ ಹೇಳಿದಳು: “ಇಷ್ಟು ಚುರುಕಿನ ಹುಡುಗಿಯನ್ನ ಕಾಗೆ ಓಡಿಸೂಕೆ ಕೂರಿಸಿದ್ದಿ. ಆ ಮಾಸ್ತರಿಗೂ ನಿಂಗೂ ಎಂತ ವ್ಯತ್ಯಾಸ? ಅಂತ ಕೇಳ್ತಿದ್ದಾಳೆ.”

ಸುಚಿತಾಳ ಮುಖದಲ್ಲಿ ಕಡುತಿರಸ್ಕಾರವಿತ್ತು. ಅದಕ್ಕೆ ಅನುವಾದ ಬೇಕಿರಲಿಲ್ಲ. ಗಣಪಿ ತಿರುಗಿ ಬೈಯಲು ಬಾಯಿ ತೆರೆದಳು. ಬೈದರೆ ಇವಳಿಗೆ ಕೇಳುವುದಿಲ್ಲವಲ್ಲ ಎಂಬುದು ಆಗ ಹೊಳೆಯಿತು. ಅವಳಿಗೆ ಜೀವನದಲ್ಲಿ ಮೊದಲ ಸಲ ನಾಲಿಗೆ ಉಪಯೋಗಕ್ಕೆ ಬರಲಿಲ್ಲ. ಇಬ್ಬರೂ ಹೊರಟುಹೋದ ಮೇಲೆ ಅವಳು ಬಹಳ ಹೊತ್ತು ಮೀನು ತಿರುವಿಹಾಕುತ್ತ ಕೂತಳು. ಅವಮಾನವೇನೋ ಆಗಿತ್ತು. ಆದರೆ ಆ ಹುಡುಗಿ ಪಾಪ ಎಂದಿರಲಿಲ್ಲ.

ವಾರ ಕಳೆದು ಅವರು ಮತ್ತೆ ಬಂದಾಗ ಗಣಪಿ ಬೈಯಲೂ ಇಲ್ಲ, ಬನ್ನಿ ಎನ್ನಲೂ ಇಲ್ಲ. ಜಗಲಿಯ ಮೇಲಿನ ಬುಟ್ಟಿಗಳನ್ನು ಸರಿಸಿ ಜಾಗ ಮಾಡಿಕೊಟ್ಟು ಒಳಗೆ ಹೋದಳು. ಸುಚಿತಾ ವಾರವಾರ ಬರತೊಡಗಿದಳು. ಪ್ರಿಯಾಳಿಗೆ ಬೋಟಿಗೊಂದು, ಬಂಗಡೆಗೊಂದು, ಅಪ್ಪನಿಗೊಂದು, ನಿನ್ನೆಗೊಂದು, ನಾಳೆಗೊಂದು ಕೈಗುರುತು ಸಿಕ್ಕಿತು. ಅಪ್ಪ ನಾಳೆ ಬರುತ್ತಾನೋ ಎಂದು ಅವಳು ಒಂದು ಸಂಜೆ ಕೇಳಿದಳು. ಹುಟ್ಟಿದ ಮೇಲೆ ಅವಳು ತಾಯಿಗೆ ಕೇಳಿದ ಮೊದಲನೆಯ ಪ್ರಶ್ನೆ ಅದು. ಉಪ್ಪಿಗೆ ಬಿರಿದು ಒರಟಾದ ಬೆರಳುಗಳಲ್ಲಿ ಗಣಪಿಯೂ ಕದ್ದುಮುಚ್ಚಿ ಕಲಿಯತೊಡಗಿದಳು. ಮೊದಲು ಕಲಿತದ್ದು ಬೈಗುಳಗಳನ್ನು. ಸುಚಿತಾಳೊಂದಿಗೆ ಸಮನಾಗಿ ಮಾತಾಡಬೇಕಾದರೆ ಅವು ಬೇಕೇ ಬೇಕಿದ್ದವು.

ಮುಂದಿನ ಜಗಳ ಶಾಲೆಯಲ್ಲಿ. ವಾರಕ್ಕೆ ಎರಡು ದಿನ ಸುಚಿತಾ ತರಗತಿಗೆ ಬಂದು ಎಲ್ಲ ಮಕ್ಕಳಿಗೂ ಕೈಭಾಷೆ ಕಲಿಸುತ್ತಾಳೆ, ಪ್ರಿಯಾ ಅವರ ಜೊತೆಯಲ್ಲೇ ಕೂರುತ್ತಾಳೆ ಎಂಬುದು ಕಲ್ಪನಾಳ ಯೋಜನೆ. ಮೂರನೆಯ ತರಗತಿಯ ರೇಖಾ ಅಕ್ಕೋರು ಒಪ್ಪಿದರು. ಶಾಂತಾರಾಮ ಮಾಸ್ತರರು, “ಇದು ಸರ್ಕಾರಿ ಶಾಲೆ, ಯಕ್ಷಗಾನದ ರಂಗಸ್ಥಳ ಅಲ್ಲ,” ಎಂದರು. ಶಾಲಾ ಸಮಿತಿಯ ಸಭೆ ಕರೆದದ್ದಾಯಿತು. ಒಬ್ಬ ತಂದೆ ಎದ್ದು, “ನಮ್ಮ ಮಕ್ಕಳೂ ಮಾತು ಬಿಟ್ಟು ಕೈ ಆಡಿಸೂಕೆ ಕಲ್ತ್ರೆ ಯಾರು ಜವಾಬ್ದಾರಿ?” ಎಂದ. ಗಣಪಿ ಅವನ ಕಡೆ ತಿರುಗಿ, “ನಿಂಗೆ ಮಾತು ಬಂದು ಎಂತ ಉಪಕಾರ ಆತು ಊರಿಗೆ?” ಎಂದಳು. ಸಭೆ ಗದ್ದಲದಲ್ಲಿ ಮುಗಿಯಿತು.

ಕೊನೆಗೆ ಬಾಗಿಲು ತೆರೆದದ್ದು ಗಣಪಿಯ ಜಗಳದಿಂದಲೂ ಅಲ್ಲ, ಕಲ್ಪನಾಳ ತಾಳ್ಮೆಯಿಂದಲೂ ಅಲ್ಲ. ಸಂಸ್ಥೆಯ ಮುಖ್ಯಸ್ಥ ಭಾಸ್ಕರ ಕಾರಿನಲ್ಲಿ ಬಂದ. ಖಾದಿ ಜುಬ್ಬಾ, ಮೆತ್ತಗಿನ ದನಿ. ‘ಸಮನ್ವಯ’, ‘ಒಳಗೊಳ್ಳುವಿಕೆ’, ‘ಸಹಭಾಗಿತ್ವ’ ಎಂದು ಸ್ವಲ್ಪ ಹೊತ್ತು ಮಾತಾಡಿದ. ಮಾಸ್ತರರು ಆಕಳಿಸಿದರು. ಆಗ ಭಾಸ್ಕರ, ಶಾಲೆಗೆ ಕುಡಿಯುವ ನೀರಿನ ಫಿಲ್ಟರು ಕೊಡಿಸಬಹುದು, ಗೋಡೆಗೆ ಬಣ್ಣವನ್ನೂ ಹೊಡೆಸಬಹುದು ಎಂದ. ಮಾಸ್ತರರಿಗೆ ಥಟ್ಟನೆ ಒಳಗೊಳ್ಳುವಿಕೆಯ ಮಹತ್ವ ಅರ್ಥವಾಯಿತು. ಫಿಲ್ಟರು ಬಂತು, ಬಣ್ಣ ಬಂತು, ‘ಎಲ್ಲರನ್ನೂ ಅಪ್ಪಿಕೊಳ್ಳುವ ಶಾಲೆ’ ಎಂಬ ಬೋರ್ಡು ಬಂತು, ಅದರ ಹಿಂದಿನಿಂದ ಪ್ರಿಯಾ ತರಗತಿಯೊಳಗೆ ಬಂದಳು. ನೀರಿನ ಫಿಲ್ಟರಿನ ಬಾಲ ಹಿಡಿದು ತನ್ನ ಮಗಳು ಶಾಲೆ ಸೇರಬೇಕಾಯಿತಲ್ಲ ಎಂದು ಗಣಪಿ ಕೊಟ್ಟವನನ್ನೂ ಇಸಿದುಕೊಂಡವರನ್ನೂ ಒಂದೇ ತಕ್ಕಡಿಗೆ ಹಾಕಿ ಬೈದಳು. ಆದರೂ ಮಾರನೆಯ ಬೆಳಿಗ್ಗೆ ಪ್ರಿಯಾಳ ಜಡೆ ಎರಡೆರಡು ಸಲ ಬಿಚ್ಚಿ ಹೆಣೆದಳು.

ಮಕ್ಕಳು ಕೈಭಾಷೆಯನ್ನು ಕಲಿತ ವೇಗ ಅಕ್ಕೋರಿಗೂ ಅಚ್ಚರಿ. ಕಾರಣ ಕರುಣೆಯೇನೂ ಅಲ್ಲ. ಪಾಠದ ನಡುವೆ ಸದ್ದಿಲ್ಲದೆ ಹರಟೆ ಹೊಡೆಯಲು ಅದಕ್ಕಿಂತ ಒಳ್ಳೆಯ ಉಪಾಯ ಅವರಿಗೆ ಸಿಕ್ಕಿರಲಿಲ್ಲ. ಸ್ವಲ್ಪ ದಿನಗಳಲ್ಲೇ ರೇಖಾ ಅಕ್ಕೋರು ಗಣಪಿಯನ್ನು ಕರೆಸಿದರು.

“ನಿಮ್ಮ ಪ್ರಿಯಾ ಕ್ಲಾಸಲ್ಲಿ ಭಾರೀ ಮಾತಾಡ್ತಾಳೆ. ಪಕ್ಕದವರನ್ನೂ ಹಾಳು ಮಾಡ್ತಾಳೆ. ಸ್ವಲ್ಪ ಹೇಳಿ.”

“ಆತು ಅಕ್ಕೋರೆ, ಹೇಳ್ತೆ,” ಎಂದು ಗಣಪಿ ತಲೆತಗ್ಗಿಸಿ ಹೊರಬಂದಳು. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಮಗಳು ಮಾತು ಹೆಚ್ಚಾಗಿ ಬೈಸಿಕೊಂಡ ಸುದ್ದಿಯನ್ನು ಸಾರಿದಳು.

ಮಾರನೆಯ ವರ್ಷ ಸಂಸ್ಥೆಗೆ ಹಣ ಕೊಡುವವರು ಮುಂಬಯಿಯಿಂದ ಬಂದರು. ಕುಮಟೆಯಲ್ಲಿ ದೊಡ್ಡ ಸಭೆ. ‘ಫಲಾನುಭವಿ ತಾಯಿ’ ಎಂದು ಗಣಪಿ ಮಾತಾಡಬೇಕು ಎಂದು ಭಾಸ್ಕರ ಹೇಳಿಕಳಿಸಿದ. ಅವಳು ಒಲ್ಲೆ ಎಂದಳು. ಕಲ್ಪನಾ ಕೇಳಿಕೊಂಡದ್ದಕ್ಕೆ ಹೋದಳು. ಬಂದವರು ಮುಂದಿನ ಸಾಲಿನಲ್ಲಿ ಎಳನೀರು ಹಿಡಿದು ಕೂತಿದ್ದರು. ಅವರಿಗೆ ಕನ್ನಡ ಬಾರದು, ಭಾಸ್ಕರ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳುವವನು. ಇನ್ನೊಂದು ಮೂಲೆಯಲ್ಲಿ ಕಲ್ಪನಾ ಸುಚಿತಾಳಿಗೆ ಕೈಭಾಷೆಯಲ್ಲಿ ಹೇಳುವವಳು.

ಗಣಪಿ ಮೈಕಿನ ಮುಂದೆ ನಿಂತು ಹೇಳಿದಳು: “ನನ್ನ ಮಗಳನ್ನ ಅಳಿಸಿ ಫೋಟೊ ತೆಗೆದು ಒಬ್ರು ಕ್ಯಾಲೆಂಡರು ಮಾಡಿದ್ರು. ಅವರೂ ನಿಮ್ಮಂಗೇ ಮುಂದೆ ಕೂತು ಎಳನೀರು ಕುಡ್ದವರೇ. ಶಾಲೆಗೆ ಕೊಟ್ಟ ಫಿಲ್ಟರು ಆರು ತಿಂಗಳಿಗೆ ಕೆಟ್ಟು ಕೂತಿದೆ, ಕೇಳುವವರಿಲ್ಲ. ನನ್ನ ಮಗಳು ಕಲ್ತದ್ದು ಆ ಮೂಲೆಯಲ್ಲಿ ಕೂತಿದ್ದಾಳಲ್ಲ, ಆ ಸೊಕ್ಕಿನ ಹುಡುಗಿಯಿಂದ. ಅವಳಿಗೆ ಮೂರು ತಿಂಗಳಿಂದ ಪಗಾರ ಆಗ್ಲಿಲ್ಲ. ಇಲ್ಲಿ ಹೂವಿನ ಕಮಾನಿಗೆ ಖರ್ಚು ಮಾಡೂಕೆ ಇತ್ತು ನಿಮ್ಮ ಹತ್ರ.”

ಭಾಸ್ಕರ ಮುಗುಳ್ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿದ. ಮುಂದಿನ ಸಾಲಿನವರು ಎಳನೀರು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಗಣಪಿ ಗಾಬರಿಯಾಗಿ ಸುತ್ತ ನೋಡಿದಳು. ಇಡೀ ಸಭಾಭವನದಲ್ಲಿ ಸುಚಿತಾ ಒಬ್ಬಳು ಮಾತ್ರ ಕುರ್ಚಿಯಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ತನ್ನ ಮಾತು ಸರಿಯಾಗಿ ಮುಟ್ಟಿದ್ದು ಅವಳಿಗೊಬ್ಬಳಿಗೇ ಎಂದು ಗಣಪಿಗೆ ಅರ್ಥವಾಯಿತು. ಮೈಕು ಎದುರಿಗಿದ್ದರೂ ತನ್ನ ಬಾಯಿಂದ ಬಾರದ ಮಾತನ್ನು ಇನ್ನೊಬ್ಬ ತನ್ನ ಹೆಸರಲ್ಲಿ ಹೇಳಿಬಿಟ್ಟಿದ್ದ. ಪ್ರಿಯಾಳ ಬಗ್ಗೆ ‘ಅದಕ್ಕೆ ಇದು ಬೇಡ, ಅದಕ್ಕೆ ಅದು ಇಷ್ಟವಿಲ್ಲ’ ಎಂದು ತಾನೇ ಎಷ್ಟು ಸಲ ಜನರಿಗೆ ಹೇಳಿರಬಹುದು ಎಂಬ ಯೋಚನೆ ಬಂದು ಅವಳು ಮೈಕು ಬಿಟ್ಟು ವೇದಿಕೆ ಇಳಿದಳು.

ಸಭೆ ಮುಗಿದ ಮೇಲೆ ಅವಳು ಭಾಸ್ಕರನನ್ನು ಊಟದ ಸಾಲಿನಲ್ಲೇ ಹಿಡಿದಳು. “ಎಂತ ಹೇಳ್ದೆ ನೀ ಅವರಿಗೆ?”

“ನಿಮ್ಮ ಬಾಳಿಗೆ ಬೆಳಕು ಬಂತು ಅಂದೆ ಅಕ್ಕ.” ಅವನಿಗೆ ನಾಚಿಕೆಯೇನೂ ಇರಲಿಲ್ಲ. ದನಿ ಇನ್ನಷ್ಟು ಮೆತ್ತಗೆ ಮಾಡಿ ಹೇಳಿದ: “ಇದ್ದದ್ದು ಇದ್ದಂಗೆ ಹೇಳಿದ್ರೆ ಅವರು ಎದ್ದುಹೋಗ್ತಾರೆ. ಸುಚಿತಾಳ ಪಗಾರ ಆಮೇಲೆ ನೀವು ಕೊಡ್ತೀರಾ?”

ಗಣಪಿ ಉಣ್ಣದೆ ಬಸ್ಸು ಹತ್ತಿದಳು. ಅವನು ಸುಳ್ಳ ಎಂಬುದಕ್ಕಿಂತ ಅವನ ಸುಳ್ಳಿನಿಂದ ನಿಜವಾಗಿಯೂ ಆ ತಿಂಗಳು ಸುಚಿತಾಳ ಪಗಾರ ಆಯಿತು ಎಂಬುದೇ ಅವಳಿಗೆ ಹೆಚ್ಚು ಅಸಹ್ಯವೆನಿಸಿತು.

ಕಲ್ಪನಾ ಮದುವೆಯಾಗಿ ಬೇರೆ ಊರಿಗೆ ಹೋದಾಗ ಆ ಜಾಗಕ್ಕೆ ಬರುತ್ತೀರಾ ಎಂದು ಭಾಸ್ಕರನೇ ಗಣಪಿಯನ್ನು ಕೇಳಿದ. ಇಷ್ಟು ಬೈದವಳನ್ನು ಅವನು ಯಾಕೆ ಕರೆದನೋ. ಬೈಗುಳ ಕೇಳಿ ಕೇಳಿ ಅವನ ಚರ್ಮ ದಪ್ಪವಾಗಿತ್ತೋ, ಇಲ್ಲವೇ ಅವನೊಳಗೂ ಎಲ್ಲೋ ಒಂದು ಚೂರು ಸರಿಯಾದ ಬುದ್ಧಿ ಉಳಿದಿತ್ತೋ. ಗಣಪಿ ಎರಡನೆಯದನ್ನು ಇವತ್ತಿಗೂ ಒಪ್ಪುವುದಿಲ್ಲ. “ವೇದಿಕೆ ಹತ್ತೂದಿಲ್ಲ, ಫೋಟೊಕ್ಕೆ ನಿಲ್ಲೂದಿಲ್ಲ, ನಿನ್ನ ಸಂಸ್ಥೆಯನ್ನ ಹೊಗಳೂದಿಲ್ಲ,” ಎಂದು ಹೇಳಿಯೇ ಸೇರಿದಳು.

ಈಗ ಅವಳು ಹೊಳನಗದ್ದೆಯಿಂದ ಭಟ್ಕಳದವರೆಗೆ ಬಸ್ಸಿನಲ್ಲಿ ತಿರುಗುತ್ತಾಳೆ. ಮನೆಯೊಳಗೆ ಕೂರಿಸಿಟ್ಟ ಮಕ್ಕಳನ್ನು ಹುಡುಕುತ್ತಾಳೆ. ಭಟ್ಕಳದ ಗಲ್ಲಿಗಳಲ್ಲಿ ಅವಳು ಬಂದರಿನಲ್ಲಿ ಕಲಿತ ಕೊಂಕಣಿ, ಅಲ್ಲಿನ ಮುಸ್ಲಿಂ ಹೆಂಗಸರ ನವಾಯತಿ ಎರಡೂ ಬೆರೆತು ಹೇಗೋ ಮಾತು ಸಾಗುತ್ತದೆ. ಅವಳ ಜೊತೆ ಸುಚಿತಾ ಇರುತ್ತಾಳೆ. ಇಬ್ಬರೂ ಬಸ್ಸಿನಲ್ಲಿ ಕೈಬೀಸಿ ಜಗಳವಾಡುವುದನ್ನು ನೋಡಿ ಕಂಡಕ್ಟರುಗಳು ನಗುತ್ತಾರೆ. ಪಾಪ ಎನ್ನುವ ಮಾಸ್ತರರಿಗೆ ಗಣಪಿ ಬಾಯಿಂದ ಉತ್ತರ ಕೊಡುತ್ತಾಳೆ, ಸುಚಿತಾ ಮುಖದಿಂದ. ಆ ಮಾಸ್ತರರುಗಳಲ್ಲಿ ಅರ್ಧದಷ್ಟು ಜನ ಇವರ ಕಾಟ ತಪ್ಪಿದರೆ ಸಾಕೆಂದು ಮಕ್ಕಳನ್ನು ತರಗತಿಯೊಳಗೆ ಕೂರಿಸಿಕೊಂಡಿದ್ದಾರೆ. ಕೂತ ಮಕ್ಕಳು ಕಲಿಯುತ್ತಿದ್ದಾರೆ. ಶಾಂತಾರಾಮ ಮಾಸ್ತರರು ನಿವೃತ್ತರಾದಾಗ ಶಾಲೆಯಲ್ಲಿ ಸನ್ಮಾನವಾಯಿತು. ಕಿವುಡು ಮಕ್ಕಳ ಶಿಕ್ಷಣಕ್ಕೆ ತಾಲೂಕಿನಲ್ಲೇ ಮೊದಲು ದಾರಿ ಹಾಕಿದವರು ಎಂದು ಭಾಷಣಕಾರರು ಹೊಗಳಿದರು. ಮಾಸ್ತರರು ಗದ್ಗದಿತರಾಗಿ, ಪ್ರಿಯಾ ನನ್ನ ಮಗಳಿದ್ದಂತೆ ಎಂದರು. ಗಣಪಿ ಪಾಯಸ ಉಂಡು, ಕೈ ತೊಳೆದು, ಅವರ ಕಡೆ ನೋಡದೆ ಬಂದಳು.

ಪ್ರಿಯಾ ಹೊನ್ನಾವರದಲ್ಲಿ ಹತ್ತನೆಯ ತರಗತಿ ಪಾಸಾದದ್ದು ಕಳೆದ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಬೋಟು ನಿಂತು ಮಾಸ್ತಿ ಮನೆಯಲ್ಲಿದ್ದ. ಅವನು ಕೆಟ್ಟವನಲ್ಲ, ಕೈಭಾಷೆ ಮಾತ್ರ ಕಲಿತಿರಲಿಲ್ಲ. ವರ್ಷದಲ್ಲಿ ಬಹುಪಾಲು ಸಮುದ್ರದಲ್ಲಿರುವವನಿಗೆ ಅದೆಲ್ಲ ಎಂತಕ್ಕೆ ಎನ್ನುತ್ತಿದ್ದ. ಮಗಳು ಹೇಳಿದ್ದನ್ನು ಹೆಂಡತಿ ಹೇಳುತ್ತಿದ್ದಳು, ಅವನು ಹೇಳಿದ್ದನ್ನು ಮಗಳಿಗೆ ತಿಳಿಸುತ್ತಿದ್ದಳು. ಊಟಕ್ಕೆ ಕೂತಾಗ ಅವನು, ಇನ್ನು ಓದು ಸಾಕು, ಮುರ್ಡೇಶ್ವರದ ಕಡೆಯ ಒಂದು ಹುಡುಗನ ಮಾತು ಬಂದಿದೆ ಎಂದ. ಗಣಪಿ ಅದನ್ನು ಒಂದಕ್ಷರ ತಪ್ಪದೆ ಮಗಳಿಗೆ ಹೇಳಿದಳು. ಪ್ರಿಯಾ ಊಟದ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿ, ಅಪ್ಪನ ಮುಖ ನೋಡಿ, ಬೆರಳುಗಳಲ್ಲಿ ಉದ್ದಕ್ಕೆ ಏನೋ ಹೇಳಿದಳು.

“ಎಂತ ಹೇಳ್ತದೆ ಅದು?” ಎಂದ ಮಾಸ್ತಿ.

“ನಂಗೆ ಎಂತಕ್ಕೆ ಕೇಳ್ತೀರಿ? ಅದು ನಿಮಗೆ ಹೇಳಿದ್ದು.”

“ನಂಗೆಲ್ಲಿ ತಿಳೀತದೆ?”

“ಹದಿನಾರು ವರ್ಷ ಆತು. ಸಮುದ್ರದಲ್ಲಿ ಗಾಳಿ ಎತ್ಲಾಗೆ ತಿರುಗ್ತದೆ ಅಂತ ತಿಳೀತದೆ ನಿಮಗೆ. ನಾ ಇನ್ನು ಹೇಳೂದಿಲ್ಲ. ಅದನ್ನೇ ಕೇಳಿ.”

ಗಣಪಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.  ಮಾಸ್ತಿ ಮಗಳ ಕಡೆ ತಿರುಗಿ, ಹಗ್ಗ ಎಳೆದು ಕಾಯಿಗಟ್ಟಿದ ಬೆರಳುಗಳನ್ನು ಗಾಳಿಯಲ್ಲಿ ಏನೇನೋ ಆಡಿಸಿದ. ಅದಕ್ಕೆ ಯಾವ ಅರ್ಥವೂ ಇರಲಿಲ್ಲ. ಪ್ರಿಯಾ ತುಟಿ ಕೊಂಕಿಸಿ, ತಾಯಿಯಿಂದಲೋ ಸುಚಿತಾಳಿಂದಲೋ ಬಂದ ತಿರಸ್ಕಾರದಲ್ಲಿ ಅವನ ಕೈಗಳನ್ನು ನೋಡಿದಳು. ಆಮೇಲೆ ತಟ್ಟೆ ಬದಿಗೆ ಸರಿಸಿ, ಅವನ ಹೆಬ್ಬೆರಳನ್ನು ಹಿಡಿದು ನೆಟ್ಟಗೆ ಮಾಡಿದಳು.